ಡೈರೆಕ್ಟ್ ಮಾಡಿಬಿಡೂಣೇನ್ರಿ?

ವಿಜಯಪುರ ಸೀಮೆಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಎರಡು ಪಂಚಾಂಗ ನೋಡಬೇಕಾಗುತ್ತದೆ. ಒಂದು ಆರ್‌ಟಿಓ ಪಂಚಾಂಗ: 15 ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಇನ್ನೊಂದು ಬಿಸಿಲಿನ ಪಂಚಾಂಗ. ಅದು ಹೋಳಿ ಹುಣ್ಣಿಮೆಗೆ ಶುರುವಾಗಿ ಮಿರಗದ ಮಳೆ ಬೀಳುವ ತನಕ ನಡೆಯುತ್ತದೆ. ಆ ದಿನಗಳಲ್ಲಿ ಕೆಎ 28 ಫಲಕ ಹೊತ್ತ ಹಳೆಯ ಮಾರುತಿ, ಝೆನ್, ಸ್ಯಾಂಟ್ರೊ, ಇಂಡಿಕಾಗಳ ಮಾಲಕರು ರಸ್ತೆಯನ್ನು ನೋಡಿದಷ್ಟೇ ಸಲ ಡ್ಯಾಶ್‌ಬೋರ್ಡಿನ ಉಷ್ಣತೆಯ ಸೂಜಿಯನ್ನೂ ನೋಡುತ್ತಾರೆ. ಸೂಜಿ ನಡುಗೆರೆ ದಾಟಿತೆಂದರೆ ಗಾಡಿಯೊಳಗೆ ಮಾತು ನಿಲ್ಲುತ್ತದೆ. ಹಿಂದಿನ ಸೀಟಿನ ಅಜ್ಜಿ ಸಿದ್ಧೇಶ್ವರನನ್ನು ನೆನೆಯುತ್ತಾಳೆ.

ಸಿದ್ಧೇಶ್ವರನಿಗೆ ಬೇರೆ ಕೆಲಸಗಳಿವೆ. ಇಲ್ಲಿ ನೆನೆಯಬೇಕಾದದ್ದು ರೇಡಿಯೇಟರಿನ ಹಿಂದೆ ಕುಳಿತ ಪುಟ್ಟ ವಿದ್ಯುತ್ ಫ್ಯಾನನ್ನು.

ಅಂಬಾಸಿಡರ್ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಆ ಗಾಡಿಯಲ್ಲಿ, ಮಹೀಂದ್ರಾ ಜೀಪಿನಲ್ಲಿ, ಎಂಜಿನ್ನು ಉದ್ದಕ್ಕೆ ಮಲಗಿರುತ್ತಿತ್ತು. ಅದರ ಮೂತಿಯಲ್ಲೇ ಫ್ಯಾನು, ಅದರ ಮುಂದೆ ರೇಡಿಯೇಟರು. ಎಂಜಿನ್ ತಿರುಗಿದರೆ ಬೆಲ್ಟ್ ತಿರುಗಬೇಕು, ಬೆಲ್ಟ್ ತಿರುಗಿದರೆ ಫ್ಯಾನ್ ತಿರುಗಬೇಕು. ಚಳಿಗಾಲದ ನಸುಕಿನಲ್ಲಿ ಗಾಳಿ ಬೇಡವಾದಾಗಲೂ ಅದು ಗರಗರ ಅನ್ನುತ್ತಲೇ ಇರುತ್ತಿತ್ತು. ಪೆಟ್ರೋಲು ದಂಡ, ಗದ್ದಲ ಬೇರೆ. ಆದರೆ ಕೆಟ್ಟರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಹರಿದ ಬೆಲ್ಟನ್ನು ಹುಡುಕಲು ಯಾರಿಗೂ ಮೀಟರ್ ಬೇಕಿರಲಿಲ್ಲ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರಲ್ಲ, ಆ ಗಾಡಿಯ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು ಅಡ್ಡಡ್ಡ ಕೂತಿತ್ತು. ಜಾಗ ಉಳಿಯಿತು, ಮುಂದಿನ ಗಾಲಿಗಳೇ ಎಳೆಯುವ ಸಣ್ಣ ಕಾರು ನಾಲ್ಕು ಜನರ ಸಂಸಾರಕ್ಕೆ ಸಾಲುವಂತಾಯಿತು. ಆದರೆ ಎಂಜಿನ್ನಿನ ಮೂತಿ ಗಾಲಿಯ ಕಡೆಗೆ ತಿರುಗಿತು, ರೇಡಿಯೇಟರು ಮಾತ್ರ ಗಾಳಿ ಬರುವ ಮುಂಭಾಗದಲ್ಲೇ ಉಳಿಯಿತು. ಬೆಲ್ಟಿನ ನಂಟು ಕಡಿದುಹೋಯಿತು. ಇಂಗ್ಲೆಂಡಿನ ಮಿನಿ ಕಾರು 1959ರಲ್ಲಿ ಎಂಜಿನ್ನನ್ನು ಅಡ್ಡ ಹಾಕಿದಾಗ ರೇಡಿಯೇಟರನ್ನೂ ಗಾಲಿಯ ಪಕ್ಕಕ್ಕೆ ತಳ್ಳಿ ಬೆಲ್ಟಿನ ಫ್ಯಾನನ್ನೇ ಉಳಿಸಿಕೊಂಡಿತ್ತು. ಮುಂದೆ ಬಂದ ಸಣ್ಣ ಕಾರುಗಳು ಆ ಹಟ ಬಿಟ್ಟು ರೇಡಿಯೇಟರಿನ ಬೆನ್ನಿಗೇ ಒಂದು 12 ವೋಲ್ಟಿನ ಮೋಟಾರು ಕಟ್ಟಿದವು. ಬೇಕಾದಾಗ ತಿರುಗು, ಬೇಡವಾದಾಗ ಸುಮ್ಮನಿರು ಎಂದು ಅದಕ್ಕೆ ಹೇಳಲು ಒಂದು ಉಷ್ಣ ಸ್ವಿಚ್ಚು, ಒಂದು ರಿಲೇ, ಒಂದು ಫ್ಯೂಸು, ಒಂದಿಷ್ಟು ವೈರು. ಕೆಡಬಹುದಾದ ಜಾಗ ಒಂದಿದ್ದದ್ದು ಐದಾಯಿತು, ಮತ್ತು ಐದೂ ಕಣ್ಣಿಗೆ ಕಾಣದ ಜಾಗಗಳು. ಈಗಲೂ ಈ ಸೀಮೆಯಲ್ಲಿ ಆಳುಮಂದಿಯನ್ನು ತುಂಬಿಕೊಂಡು ಓಡಾಡುವ ಕ್ರೂಸರ್ ಚಾಲಕರು ಮಾರುತಿಯವರ ಪಾಡು ನೋಡಿ ನಗುವುದುಂಟು. ಅವರ ಎಂಜಿನ್ನು ಇನ್ನೂ ಉದ್ದಕ್ಕೇ ಮಲಗಿದೆ.

ಈ ನಗೆಗೆ ಗುರಿಯಾದವರಲ್ಲಿ ತಿಕೋಟಾದ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಅವರದು 1990ರ ದಶಕದ ಬಿಳಿ ಮಾರುತಿ 800. ಮಗ ಹೊಸ ಗಾಡಿ ಕೊಡಿಸುತ್ತೇನೆ ಎಂದರೂ ಇದನ್ನು ಬಿಡದವರು. ತಿಕೋಟಾದಿಂದ ತೊರವಿಯ ಮೇಲೆ ವಿಜಯಪುರಕ್ಕೆ ಸುಮಾರು 20 ಕಿಲೋಮೀಟರು. ಪಿಂಚಣಿ, ಔಷಧಿ, ಒಣದ್ರಾಕ್ಷಿ ವ್ಯಾಪಾರ, ಮದುವೆ ಜವಳಿ ಎಲ್ಲಕ್ಕೂ ಅದೇ ರಸ್ತೆ. ಒಂದು ಏಪ್ರಿಲ್‌ನಲ್ಲಿ ಗಾಡಿ ಹೀಟ್ ಹೊಡೆಯತೊಡಗಿತು. ಊರ ಗ್ಯಾರೇಜಿಗೆ ಒಯ್ದರೆ ಹುಡುಗ ಬಾನೆಟ್ ಎತ್ತಿ ನೋಡಿದ, ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ಕಾದ, ಸೂಜಿ ಏರಿತು.

"ಫ್ಯಾನ್ ತಿರಗವಲ್ದು ನೋಡ್ರಿ ಮಾಸ್ತರ. ಡೈರೆಕ್ಟ್ ಮಾಡಿಬಿಡೂಣೇನ್ರಿ?"

ಈ ಪ್ರಶ್ನೆ ಕೇಳದ ಹಳೆಯ ಕಾರಿನ ಮಾಲಕ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಡೈರೆಕ್ಟ್ ಅಂದರೆ ಉಷ್ಣ ಸ್ವಿಚ್ಚು, ರಿಲೇ ಇವೆಲ್ಲದರ ಗೊಡವೆ ಬಿಟ್ಟು ಒಂದು ವೈರನ್ನು ನೇರವಾಗಿ ಫ್ಯಾನಿಗೆ ಎಳೆಯುವುದು. ಕೀ ಹಾಕಿದ ಕೂಡಲೇ ಫ್ಯಾನು ತಿರುಗುತ್ತದೆ, ಕೀ ತೆಗೆದರೆ ನಿಲ್ಲುತ್ತದೆ. ಇನ್ನೂ ಸ್ವಲ್ಪ ಶೋಕಿ ಬೇಕೆಂದರೆ ಡ್ಯಾಶ್‌ಬೋರ್ಡಿನಲ್ಲಿ ಮನೆಯ ದೀಪದ ಸ್ವಿಚ್ಚಿನಂಥದ್ದೊಂದನ್ನು ಕೂರಿಸುವುದು. ಹತ್ತು ನಿಮಿಷದ ಕೆಲಸ, ಕೂಲಿ ಅಷ್ಟಕ್ಕಷ್ಟೆ, ಮಾಲಕ ಖುಷಿ. ನಡುದಾರಿಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ನಿಂತವನ ಗಾಡಿಯನ್ನು ಮನೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ತಕರಾರು ಇರುವುದು ಮನೆ ಮುಟ್ಟಿದ ಮೇಲೂ ಅದನ್ನು ಹಾಗೇ ಬಿಡುವುದರಲ್ಲಿ.

ಮಾಸ್ತರರು ಡೈರೆಕ್ಟ್ ಮಾಡಗೊಡಲಿಲ್ಲ. ಅಳಿಯನ ಊರಾದ ಬಬಲೇಶ್ವರದಲ್ಲಿ ಒಬ್ಬ ವಯಸ್ಸಾದ ವೈರಿಂಗ್ ಮಿಸ್ತ್ರಿ ಇದ್ದಾನೆಂದು ಕೇಳಿ ಅಲ್ಲಿಗೆ ಹೋದರು. ಮಿಸ್ತ್ರಿ ಬಾನೆಟ್ ಎತ್ತಲಿಲ್ಲ. ಚಹಾ ತರಿಸಿ ಒಂದೇ ಮಾತು ಕೇಳಿದ:

"ಗಾಡಿ ನಿಂತಾಗ ಕಾಯ್ತದೋ, ಓಡುವಾಗ ಕಾಯ್ತದೋ? ಅದನ್ನ ಮೊದ್ಲ ಹೇಳ್ರಿ ಸರ."

ಇಡೀ ಶೋಧನೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಗಾಡಿ 60-70ರ ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರಿನೊಳಗೆ ನುಗ್ಗುತ್ತದೆ, ಫ್ಯಾನಿಗೆ ಆಗ ಕೆಲಸವಿಲ್ಲ. ಗಾಂಧಿ ಚೌಕದ ಸಂತೆಯಲ್ಲಿ ತೆವಳುವಾಗ, ಮದುವೆ ಮಂಟಪದ ಮುಂದೆ ನೆಂಟರನ್ನು ಕಾಯುವಾಗ ಗಾಳಿ ಇಲ್ಲ. ಆಗ ಫ್ಯಾನೇ ಗತಿ. ಆದ್ದರಿಂದ ಊರೊಳಗೆ ಕಾದು ಹೊರದಾರಿಯಲ್ಲಿ ತಣ್ಣಗಾಗುವ ಗಾಡಿಯ ಫ್ಯಾನನ್ನು ಅನುಮಾನಿಸಬೇಕು. ಹೊರದಾರಿಯಲ್ಲೇ ಕಾಯುವ ಗಾಡಿಯಲ್ಲಿ ಫ್ಯಾನ್ ಎಷ್ಟೇ ತಿರುಗಿದರೂ ಪ್ರಯೋಜನವಿಲ್ಲ. ಅಲ್ಲಿ ರೇಡಿಯೇಟರ್ ಕಟ್ಟಿರಬೇಕು, ಥರ್ಮೋಸ್ಟ್ಯಾಟ್ ಕಚ್ಚಿರಬೇಕು, ವಾಟರ್ ಪಂಪ್ ಸೋತಿರಬೇಕು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಇವೆರಡರ ನಡುವೆ ಒಂದು ಕಿಲಾಡಿ ಸ್ಥಿತಿಯೂ ಇದೆ. ಬಬಲೇಶ್ವರದಿಂದ ಜಮಖಂಡಿ ಕಡೆಗೆ ಕಬ್ಬಿನ ಹಂಗಾಮಿನಲ್ಲಿ ಹೋದವರಿಗೆ ಅದು ಗೊತ್ತು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ಸಿಕ್ಕಿಕೊಂಡ ಕಾರು ಓಡುತ್ತಿರುತ್ತದೆ ನಿಜ, ಆದರೆ ಎಂಜಿನ್ನು ಜೋರು, ಎದುರುಗಾಳಿ ಮಂದ. ಮಾಲಕ ಮಾತ್ರ "ಓಡುವಾಗ ಕಾಯ್ತದ್ರಿ" ಎಂದು ಹೇಳಿ ಮಿಸ್ತ್ರಿಯ ದಾರಿ ತಪ್ಪಿಸುತ್ತಾನೆ.

ಮಾಸ್ತರರ ಉತ್ತರ ನೇರವಾಗಿತ್ತು. "ತೊರವಿ ದಾಟಿ ತಿಕೋಟಾತನಕ ಆರಾಮ ಓಡ್ತದ. ಬಿಜಾಪುರದಾಗ ಚೌಕಿಗೆ ಬಂದ್ರ ಸೂಜಿ ಏರತದ." ಮಿಸ್ತ್ರಿ ತಲೆಯಾಡಿಸಿದ. ಅರ್ಧ ರೋಗ ಚಹಾದ ಜೊತೆಗೇ ಗೊತ್ತಾಗಿತ್ತು.

ಇಲ್ಲಿಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಎಂಜಿನ್ ಸುತ್ತಲಿನ ನೀರು ಹೊತ್ತೊಯ್ಯುತ್ತದೆ. ಆ ನೀರು 90 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಬೆಂಗಳೂರಿನ 28 ಡಿಗ್ರಿ ಗಾಳಿಗೂ ಅದಕ್ಕೂ 62 ಡಿಗ್ರಿಯ ಅಂತರ. ವಿಜಯಪುರದ ಮೇ ತಿಂಗಳ 42 ಡಿಗ್ರಿ ಗಾಳಿಗೆ ಆ ಅಂತರ 48. ರೇಡಿಯೇಟರು ಶಾಖ ಬಿಡುವುದು ಈ ಅಂತರದ ಬಲದಿಂದ. ಅಂದರೆ ಅದೇ ಗಾಡಿ, ಅದೇ ಫ್ಯಾನು, ಬೆಂಗಳೂರಿನಿಂದ ಇಲ್ಲಿಗೆ ಬಂದ ಮಾತ್ರಕ್ಕೆ ತಂಪಾಗುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಕಾಲು ಪಾಲು ಕಳೆದುಕೊಳ್ಳುತ್ತದೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಗಾಡಿ ತಂದು "ಅಲ್ಲಿ ಚಲೋ ಇತ್ತು, ಇಲ್ಲಿ ಕೆಟ್ಟಿತು" ಎಂದು ಮಾರಿದವನನ್ನು ಬೈಯುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬಹುದು. ಅಲ್ಲಿ ಅರೆಜೀವದ ಫ್ಯಾನೂ ಸಾಲುತ್ತಿತ್ತು, ಇಲ್ಲಿ ಸಾಲದು.

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಕಾರಿನ ನೀರು ಕುದಿಯದೆ ಉಳಿಯುವುದು ರೇಡಿಯೇಟರ್ ಮುಚ್ಚಳದ ಪುಣ್ಯದಿಂದ. 0.9 ಎಂದು ಬರೆದಿರುವ ಮುಚ್ಚಳ ಅಷ್ಟು ಒತ್ತಡ ಹಿಡಿದಿಟ್ಟುಕೊಂಡು ಕುದಿಯುವ ಬಿಂದುವನ್ನು 118ರ ಆಸುಪಾಸಿಗೆ ಏರಿಸುತ್ತದೆ. ಒತ್ತಡ ಅದಕ್ಕೂ ಮೀರಿದರೆ ತಾನೇ ಬಾಯಿಬಿಟ್ಟು ನೀರನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಕಳಿಸುತ್ತದೆ. ಒತ್ತಡವನ್ನು ಹೀಗೆ ಅಂಕೆಯಲ್ಲಿಡುವುದು ಈ ಊರಿಗೆ ಹೊಸದಲ್ಲ. ಆದಿಲ್‌ಶಾಹಿಗಳು ತೊರವಿಯಿಂದ, ಬೇಗಂ ತಲಾಬಿನಿಂದ ನಗರಕ್ಕೆ ನೀರು ತಂದಾಗ ಕೊಳವೆ ಒಡೆಯದಿರಲೆಂದು ದಾರಿಯಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ನೀರು ಅದರಲ್ಲಿ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ಕೆಳಗೆ ಕೂರುತ್ತಿತ್ತು. ಕೆಲವು ಇನ್ನೂ ನಿಂತಿವೆ. ಸ್ಪ್ರಿಂಗ್ ಸೋತ ಮುಚ್ಚಳದ ಕಾರುಗಳು ಅವುಗಳ ಪಕ್ಕದಲ್ಲೇ ಹಬೆ ಬಿಡುತ್ತ ಹೋಗುತ್ತವೆ.

ಮಿಸ್ತ್ರಿಯ ಕೆಲಸಕ್ಕೆ ಬರೋಣ. ಅವನ ಕೈಯಲ್ಲಿದ್ದ ಉಪಕರಣ ಒಂದೇ: ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರು ಬೆಸೆದ ಟೆಸ್ಟ್ ಲ್ಯಾಂಪ್. ಮೊದಲು ಫ್ಯಾನಿನ ಸಾಕೆಟ್ ಕಳಚಿ, ಬ್ಯಾಟರಿಯಿಂದ ಬೇರೆ ವೈರು ತಂದು ಮೋಟಾರಿಗೇ ಮುಟ್ಟಿಸಿದ. ರೆಕ್ಕೆ ಭರ್ರನೆ ತಿರುಗಿತು. ಮೋಟಾರು ಜೀವಂತ. ಇದು ತಿರುಗದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಒಳಗಿನ ಇಂಗಾಲದ ಬ್ರಶ್ ಸವೆದ ಮೋಟಾರನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ಕುಟ್ಟಿದರೆ ಒಮ್ಮೊಮ್ಮೆ ತಿರುಗುತ್ತದೆ. ಗ್ಯಾರೇಜಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮರುದಿನ ಅದು ಮತ್ತೆ ಮಲಗುತ್ತದೆ. ಕುಟ್ಟಿದಾಗ ತಿರುಗಿದ ಮೋಟಾರನ್ನು ನಂಬಬಾರದು, ಬಿಚ್ಚಿ ಬ್ರಶ್ ಹಾಕಿಸಬೇಕು.

ಎರಡನೆಯದಾಗಿ ಫ್ಯೂಸು. ನೋಡಿ ಚಲೋ ಇದೆ ಎನ್ನುವವರು ಬಹಳ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ, ದೀಪಕ್ಕೆ ಕಾಣುತ್ತದೆ. ಫ್ಯೂಸಿನ ಎರಡೂ ತುದಿಗೆ ದೀಪ ಮುಟ್ಟಿಸಿದ, ಎರಡರಲ್ಲೂ ಉರಿಯಿತು. ಫ್ಯೂಸು ಸುಟ್ಟಿದ್ದರೆ ದೊಡ್ಡದನ್ನು ಹಾಕುವುದು ಇಲ್ಲಿಯ ಇನ್ನೊಂದು ಚಾಳಿ. 15ರ ಜಾಗದಲ್ಲಿ 30, ಅದೂ ಹೋದರೆ ತಾಮ್ರದ ಎಳೆ. ಆಮೇಲೆ ಸುಡುವುದು ಫ್ಯೂಸಲ್ಲ, ವೈರು.

ಮೂರನೆಯದು ಉಷ್ಣ ಸ್ವಿಚ್ಚು. ಕಂಪ್ಯೂಟರ್ ಇಲ್ಲದ ಹಳೆಯ ಗಾಡಿಗಳಲ್ಲಿ ಅದು ರೇಡಿಯೇಟರಿನ ಟ್ಯಾಂಕಿಗೋ ಥರ್ಮೋಸ್ಟ್ಯಾಟಿನ ಹತ್ತಿರವೋ ಕೂತಿರುತ್ತದೆ. ನೀರು 95 ಡಿಗ್ರಿಯ ಆಚೀಚೆ ಬಂದಾಗ ಒಳಗೆ ಎರಡು ಬಿಂದು ಕೂಡಿಸಿ ರಿಲೇಯನ್ನು ಎಬ್ಬಿಸುವುದು ಅದರ ಕೆಲಸ. ಅದರ ವೈರುಗಳನ್ನು ಕಳಚಿ ಒಂದಕ್ಕೊಂದು ಕೂಡಿಸಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಸ್ವಿಚ್ಚು ಸತ್ತಿದೆ, ಅಥವಾ ಸ್ವಿಚ್ಚಿನ ಬಳಿ ನೀರೇ ಇಲ್ಲ. ಈ ಎರಡನೆಯದು ಬಹಳ ಜನರನ್ನು ಕುಣಿಸುತ್ತದೆ. ಕೂಲಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಸ್ವಿಚ್ಚಿನ ತುದಿ ಆ ಗಾಳಿಯಲ್ಲಿರುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ.

ಮಾಸ್ತರರ ಗಾಡಿಯಲ್ಲಿ ವೈರು ಕೂಡಿಸಿದಾಗ ರಿಲೇ ಟಕ್ ಎಂದಿತು, ಫ್ಯಾನು ಮಾತ್ರ ಅಲುಗಲಿಲ್ಲ. ರಿಲೇಯ ಸದ್ದು ಕೇಳಿದ ಹುಡುಗರು "ರಿಲೇ ಚಲೋ ಅದ" ಎಂದು ಮುಂದೆ ಹೋಗುತ್ತಾರೆ. ಮಿಸ್ತ್ರಿ ಹೋಗಲಿಲ್ಲ. ರಿಲೇಯೊಳಗೆ ಎರಡು ಸಂಸಾರ: 85, 86 ಎಂಬ ಕಾಲುಗಳ ಸುರುಳಿ ಟಕ್ ಎನ್ನುತ್ತದೆ, 30, 87 ಎಂಬ ಕಾಲುಗಳ ನಡುವೆ ಫ್ಯಾನಿನ ಭಾರದ ಕರೆಂಟು ಹರಿಯುತ್ತದೆ. ಸದ್ದು ಬಂದರೂ ಎರಡನೆಯದರ ಬಿಂದುಗಳು ಕರಿಹಿಡಿದಿದ್ದರೆ ಕರೆಂಟು ದಾಟುವುದಿಲ್ಲ. ಅವನು ದೀಪವನ್ನು 87ಕ್ಕೆ ಹಿಡಿದ. ಉರಿಯಿತು. ಫ್ಯಾನಿನ ಸಾಕೆಟ್ಟಿನಲ್ಲಿ, ಒಂದು ತುದಿ ಸಾಕೆಟ್ಟಿನ ಪಾಸಿಟಿವ್‌ಗೆ, ಇನ್ನೊಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದ. ಉರಿಯಿತು. ಅದೇ ಇನ್ನೊಂದು ತುದಿಯನ್ನು ಸಾಕೆಟ್ಟಿನದೇ ಕರಿ ವೈರಿಗೆ ಹಿಡಿದಾಗ ದೀಪ ಮಿಣುಕು ಮಿಣುಕು ಅಂತು.

"ಅರ್ಥ್ ಇಲ್ರಿ ಇದಕ್ಕ."

ಕರಿ ವೈರನ್ನು ಬೆನ್ನುಹತ್ತಿ ಹೋದರೆ ಅದು ಬಾಡಿಗೆ ಸ್ಕ್ರೂ ಬಿಗಿದ ಜಾಗ ಸಿಕ್ಕಿತು. ತುಕ್ಕು, ಎರೆಮಣ್ಣಿನ ಧೂಳು, ಯಾವಾಗಲೋ ಬಳಿದ ಬಣ್ಣ ಸೇರಿ ಒಂದು ಪದರ ಕಟ್ಟಿತ್ತು. ಸ್ಕ್ರೂ ತೆಗೆದು, ಅಲ್ಲಿ ಲೋಹ ಹೊಳೆಯುವ ತನಕ ಮರಳುಕಾಗದ ಉಜ್ಜಿ, ಹೊಸ ಕಣ್ಣುತುದಿ ಹಾಕಿ ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಸವರಿದ. ಫ್ಯಾನು ತಿರುಗಿತು. ಆ ಕಣ್ಣುತುದಿ ಬಿಟ್ಟರೆ ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಸಣ್ಣ ಕಾರಿನ ಫ್ಯಾನು ಹತ್ತು ಆಂಪಿಯರಿನ ಆಸುಪಾಸು ಎಳೆಯುತ್ತದೆ, ಎದ್ದು ನಿಲ್ಲುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ಕರೆಂಟು ಹೋಗಲೂ ಬೇಕು, ಮರಳಿ ಬ್ಯಾಟರಿಗೆ ಬರಲೂ ಬೇಕು. ಮರಳುವ ದಾರಿಯ ಚಿಂತೆ ಯಾರೂ ಮಾಡುವುದಿಲ್ಲ. ಆ ದಾರಿ ಪೂರ್ತಿ ಮುಚ್ಚದೆ ಅರ್ಧ ಮುಚ್ಚಿದ್ದರೆ ಇನ್ನೂ ಕಷ್ಟ: ಫ್ಯಾನು ಮಂದವಾಗಿ ತಿರುಗುತ್ತಲೇ ಇರುತ್ತದೆ, ನೋಡಿದವರು ಅದರ ಮೇಲಿನ ಅನುಮಾನ ಬಿಟ್ಟು ರೇಡಿಯೇಟರನ್ನು ಬಿಚ್ಚಿ ಹಾಕುತ್ತಾರೆ.

ತಿಕೋಟಾದ ಹುಡುಗ ಡೈರೆಕ್ಟ್ ಮಾಡಿದ್ದರೆ ಏನಾಗುತ್ತಿತ್ತು? ಪಾಸಿಟಿವ್ ವೈರನ್ನು ನೇರ ಕೊಟ್ಟಿದ್ದರೂ ಅರ್ಥ್ ಇಲ್ಲದ ಫ್ಯಾನು ತಿರುಗುತ್ತಿರಲಿಲ್ಲ. ಆಗ ಅವನು "ಮೋಟಾರ್ ಹೋಗೇದ" ಎಂದು ಹೊಸ ಮೋಟಾರು ತರಿಸುತ್ತಿದ್ದ. ಹೊಸ ಮೋಟಾರನ್ನು ಕೂರಿಸುವಾಗ ವೈರು ಅದಲುಬದಲಾದರೆ ಡಿಸಿ ಮೋಟಾರು ಉಲ್ಟಾ ತಿರುಗುತ್ತದೆ. ರೇಡಿಯೇಟರಿನ ಹಿಂದೆ ಕೂತ ಫ್ಯಾನು ಮುಂದಿನಿಂದ ಗಾಳಿ ಎಳೆಯಬೇಕು. ಉಲ್ಟಾ ತಿರುಗಿದ್ದು ಎಂಜಿನ್ನಿನ ಬಿಸಿಗಾಳಿಯನ್ನು ಎದುರುಗಾಳಿಗೆ ವಿರುದ್ಧ ನೂಕುತ್ತದೆ. ಸದ್ದು ಅದೇ, ವೇಗ ಅದೇ, ಗಾಡಿ ಮೊದಲಿಗಿಂತ ಜೋರು ಕಾಯುತ್ತದೆ. ಗ್ರಿಲ್ಲಿನ ಮುಂದೆ ಒಂದು ಹಾಳೆ ಹಿಡಿದು ನೋಡಿ: ಹಾಳೆ ಒಳಗೆ ಅಂಟಿಕೊಂಡರೆ ಸರಿ, ಹೊರಗೆ ಹಾರಿದರೆ ವೈರು ತಿರುಗಿಸಿ ಹಾಕಿಸಬೇಕು.

ಡೈರೆಕ್ಟಿನ ಅಣ್ಣ ಒಬ್ಬನಿದ್ದಾನೆ: ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡುವುದು. "ನಮ್ಮ ಬಿಸಲಿಗೆ ಅದು ಬೇಡ್ರಿ" ಎನ್ನುವುದು ಗ್ಯಾರೇಜಿನ ವೇದಾಂತ. ಥರ್ಮೋಸ್ಟ್ಯಾಟ್ ಎಂಜಿನ್ನನ್ನು ಬಿಸಿ ಮಾಡುವ ವಸ್ತುವಲ್ಲ. ನೀರು 82 ಡಿಗ್ರಿಯ ಹತ್ತಿರ ಬಂದಾಗ ಬಾಗಿಲು ತೆರೆದು, ಅದಕ್ಕಿಂತ ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಕಾವಲುಗಾರ. ಅದನ್ನು ಕಿತ್ತರೆ ಎಂಜಿನ್ನು ಡಿಸೆಂಬರ್ ಮುಂಜಾನೆ ಕಿಲೋಮೀಟರುಗಟ್ಟಲೆ ತಣ್ಣಗೇ ಓಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಸರಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಅಡ್ಡದಾರಿಯನ್ನು ಮುಚ್ಚುವ ಕೆಲಸವೂ ಅದರದೇ. ಅಂಥಲ್ಲಿ ಅದನ್ನು ಕಿತ್ತರೆ ಒಂದಿಷ್ಟು ಬಿಸಿನೀರು ರೇಡಿಯೇಟರಿಗೇ ಹೋಗದೆ ಸುತ್ತು ಹಾಕುತ್ತಿರುತ್ತದೆ. ತಂಪು ಮಾಡಹೋಗಿ ಕಾಯಿಸಿದಂತೆ.

ಸರಿಯಾದ ರಿಲೇ, ಫ್ಯೂಸು, ದಪ್ಪ ವೈರು ಹಾಕಿ ಮಾಡಿದ ಡೈರೆಕ್ಟಿನಿಂದ ಹಾನಿ ಕಡಿಮೆ; ಮೋಟಾರು ಬೇಗ ಸವೆಯುತ್ತದೆ, ಅಷ್ಟೇ. ಅಪಾಯ ಇರುವುದು ರಿಲೇ ಇಲ್ಲದೆ, ಫ್ಯೂಸ್ ಇಲ್ಲದೆ, ಟೇಪ್‌ರೆಕಾರ್ಡರಿನ ತೆಳು ವೈರಿನಲ್ಲಿ ಇಗ್ನಿಷನ್ ಸ್ವಿಚ್ಚಿನಿಂದಲೇ ಎಳೆದದ್ದರಲ್ಲಿ. ಆ ವೈರು ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಬಾಡಿಗೆ ತಾಗಿದರೆ ಬೆಂಕಿ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನದು ಇನ್ನೊಂದು ಪಾಡು. ನೆನಪಿಟ್ಟು ಹಾಕುವವನು ಮಾಲಕ. ಅವನ ಮಗನೋ ಅಳಿಯನೋ ಗಾಡಿ ಒಯ್ದ ದಿನವೇ ಹೆಡ್ ಬಾಗುತ್ತದೆ.

ಓಡುವಾಗ ಕಾಯುವ ಗಾಡಿಗಳ ಕತೆಯಲ್ಲಿ ಈ ಸೀಮೆಯ ನೀರಿಗೇ ದೊಡ್ಡ ಪಾತ್ರ. ಕೊಳವೆಬಾವಿಯ ಸವಳು ನೀರನ್ನು ರೇಡಿಯೇಟರಿಗೆ ಸುರಿದರೆ ಸುಣ್ಣ ಕೊಳವೆಗಳ ಒಳಗೆ ಕಟ್ಟುತ್ತದೆ. ಕೂಲಂಟ್ ಹಾಕ್ರಿ ಎಂದರೆ "ಬಿಜಾಪುರದಾಗ ಹಿಮ ಎಲ್ಲಿ ಬೀಳ್ತದ?" ಎಂಬ ಮರುಪ್ರಶ್ನೆ ಬರುತ್ತದೆ. ಹಿಮದ ಮಾತು ಬಿಡಿ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಕುದಿಯುವ ಬಿಂದುವನ್ನು ಇನ್ನೂ ಆರೇಳು ಡಿಗ್ರಿ ಏರಿಸುತ್ತದೆ, ತುಕ್ಕನ್ನು ತಡೆಯುತ್ತದೆ. ಒಂದು ಎಚ್ಚರ: ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಚೆಲ್ಲಿದರೆ ನಾಯಿ ಕರು ನೆಕ್ಕದಂತೆ ತೊಳೆಯಬೇಕು. ಹೊರಗಡೆ ಎರೆಧೂಳು, ಹುಳು, ಕಬ್ಬಿನ ರವದಿ ರೇಡಿಯೇಟರಿನ ಜಾಲಿಯಲ್ಲಿ ಸಿಕ್ಕಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮಂದವಾಗಿ ನೀರು ಬಿಟ್ಟು ತೊಳೆದರೆ ಅರ್ಧ ಕಾಯಿಲೆ ಹೋಗುತ್ತದೆ. ಜೋರು ಪ್ರೆಶರ್ ಹೊಡೆದರೆ ಅದರ ತೆಳು ಪಟ್ಟಿಗಳು ಮಡಚಿ ಹೊಸ ಕಾಯಿಲೆ ಬರುತ್ತದೆ.

2000ದ ಸುಮಾರಿಗೆ ಎಂಪಿಎಫ್‌ಐ ಎಂಜಿನ್ನುಗಳು ಬಂದಮೇಲೆ ಫ್ಯಾನಿಗೆ ಅಪ್ಪಣೆ ಕೊಡುವ ಅಧಿಕಾರ ಕಂಪ್ಯೂಟರಿಗೆ ಹೋಯಿತು. ಅಂಥ ಹಲವು ಗಾಡಿಗಳಲ್ಲಿ ನೀರಿನ ಸೆನ್ಸರಿನ ಸಾಕೆಟ್ ಕಳಚಿದರೆ ಕಂಪ್ಯೂಟರು ಗಾಬರಿಯಾಗಿ ಫ್ಯಾನನ್ನು ತಾನೇ ಓಡಿಸುತ್ತದೆ. ಓಡಿದರೆ ಮೋಟಾರು, ರಿಲೇ, ಫ್ಯೂಸು ಎಲ್ಲ ಸರಿ, ಸೆನ್ಸರನ್ನು ನೋಡಬೇಕು. ಎಸಿ ಇದ್ದ ಗಾಡಿಯಲ್ಲಿ ಎಸಿ ಹಾಕಿದಾಗ ಫ್ಯಾನು ತಿರುಗುವುದೇ ಎಂದು ನೋಡುವುದು ಇನ್ನೂ ಸುಲಭ. ವಿಜಯಪುರದ ಹೊಸ ಹುಡುಗರು ಮೊಬೈಲಿಗೆ ಸ್ಕ್ಯಾನರ್ ಜೋಡಿಸಿ ಪಿ0118, ಪಿ0480 ಎಂದು ಓದಿ ಹೇಳುತ್ತಾರೆ. ಒಳ್ಳೆಯದೇ. ಮೊದಲನೆಯದು ನೀರಿನ ಸೆನ್ಸರಿನ ದೂರು, ಎರಡನೆಯದು ಫ್ಯಾನಿನ ಅಪ್ಪಣೆಯ ದಾರಿಯ ದೂರು. ಆದರೆ ತುಕ್ಕು ಹಿಡಿದ ಒಂದು ಸ್ಕ್ರೂವಿಗೆ ಕೋಡ್ ನಂಬರ್ ಇಲ್ಲ. ಅಲ್ಲಿಗೆ ಬಬಲೇಶ್ವರದ ಬಲ್ಬೇ ಬೇಕು.

ಹಳೆಯ ಕಾರು ಇದ್ದವರು ಫೆಬ್ರುವರಿಯಲ್ಲೇ, ಬಿಸಿಲು ಏರುವ ಮೊದಲು, ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಫ್ಯಾನು ಬರುವ ತನಕ ಕಾಯಿರಿ. ಬಂದು, ನೀರನ್ನು ತಣಿಸಿ, ತಾನೇ ನಿಲ್ಲಬೇಕು. ದಾರಿಯಲ್ಲಿ ಸೂಜಿ ಕೆಂಪು ಮುಟ್ಟಿದರೆ ಎಸಿ ಬಂದ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಚ್ಚಿ, ನೆರಳು ಸಿಕ್ಕ ಕಡೆ ನಿಲ್ಲಿಸಿ ಎಂಜಿನ್ ಆರಿಸಿ. ಬಾನೆಟ್ ಎತ್ತುವಾಗ ಕೈಯನ್ನು ರೆಕ್ಕೆಯಿಂದ ದೂರ ಇಡಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನು ತಿರುಗುತ್ತದೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ, ಯಾರು ಎಷ್ಟೇ ಅವಸರ ಮಾಡಿದರೂ, ಅರ್ಧ ತಾಸು ಮುಟ್ಟಬೇಡಿ.